ಅವಳಿ ಮರಿಗಳ ರಕ್ತ

ಡಾಕ್ಟರಮ್ಮನ ವ್ಯಾನು ಅಂಗಳದೊಳಗೆ ಬಂದಾಗಲೆಲ್ಲ ಎಡಕ್ಕೇ ತಿರುಗುತ್ತಿತ್ತು. ಎಡಗಡೆ ಚಿಕ್ಕವಳ ಆಡಿನ ಕೊಟ್ಟಿಗೆ, ಬಲಗಡೆ ದೊಡ್ಡವಳದು. ಎರಡರ ನಡುವೆ ಒಂದು ನಲ್ಲಿ, ಕಲ್ಲಿನ ತೊಟ್ಟಿ, ಬಿಸಿಲು ಬೀಳುವ ಕಡೆ ಅತ್ತೆ ಕೂರುವ ಬೆಂಚು. ಅವತ್ತು ವ್ಯಾನಿನ ಸದ್ದು ಕೇಳಿದಾಗ ದೊಡ್ಡವಳು ನಲ್ಲಿಯ ಹತ್ತಿರ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತೊಳೆದು ಆಗಿತ್ತು. ಆದರೂ ಇನ್ನೊಮ್ಮೆ ನೀರು ತುಂಬಿಸಿ, ಬ್ರಷ್ಷು ಇಳಿಬಿಟ್ಟು ತಳ ತಿಕ್ಕತೊಡಗಿದಳು. ತಲೆ ಎತ್ತದೆಯೇ ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಈಗ ಹಿಂದಿನ ಬಾಗಿಲು ತೆರೆಯಿತು, ಈಗ ಡಾಕ್ಟರಮ್ಮ ರಬ್ಬರ್ ಬೂಟಿಗೆ ಕಾಲು ತೂರಿಸುತ್ತಿದ್ದಾರೆ, ಈಗ ಚಿಕ್ಕವಳು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬನ್ನಿ ಮೇಡಂ, ಇವತ್ತು ಬೇಗ ಬಂದ್ರಿ."

"ದಾರಿ ಖಾಲಿ ಇತ್ತು. ನಿಮ್ಮ ಕೆಂಪಿ ಮಕ್ಕಳು ಮರಿಗಳೆಲ್ಲ ಹೇಗಿದಾವೆ?"

"ಚೆನ್ನಾಗಿ ತಿಂದ್ಕೊಂಡು, ಕಂಡೋರ ಮೇಲೆಲ್ಲ ಜಗಳ ಕಾಯ್ಕೊಂಡು ಇದಾವೆ."

ಡಾಕ್ಟರಮ್ಮ ನಕ್ಕರು. ಆಮೇಲೆ, ಎಂದಿನಂತೆ, ನೆನಪಾದವರ ಹಾಗೆ ಬಲಕ್ಕೆ ತಿರುಗಿ ಕೈ ಎತ್ತಿ, "ಏನಮ್ಮ, ಆರಾಮಾ?" ಎಂದರು. ದೊಡ್ಡವಳು "ಹೂಂ" ಎಂದಳು. ಆ 'ಆಮೇಲೆ'ಯೇ ಅವಳಿಗೆ ಸಹಿಸಲಾಗದ್ದು.

ಇಬ್ಬರೂ ಓರಗಿತ್ತಿಯರು, ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಮಾವ ತೀರಿಕೊಂಡ ಮೇಲೆ ಮಂದೆಯನ್ನು ಹಂಚಿಕೊಂಡದ್ದು ಆ ಮನೆಯ ಹಳೆಯ ಕ್ರಮದಲ್ಲೇ. ಎಲ್ಲ ಆಡುಗಳನ್ನೂ ದೊಡ್ಡಿಗೆ ಕೂಡಿ, ಸೊಸೆಯರು ಗೇಟಿನ ಎರಡು ಬದಿಗೆ ನಿಲ್ಲಬೇಕು. ಆಡಿನ ಕೆಲಸ ಮಾಡುವವರು ಅವರಾದ್ದರಿಂದ ಆರಿಸುವವರೂ ಅವರೇ. ನನಗೊಂದು, ನಿನಗೊಂದು, ಸರದಿಯ ಮೇಲೆ. ಮೊದಲ ಆಯ್ಕೆ ಹಿರಿಸೊಸೆಯದು. ದೊಡ್ಡವಳು ಕೆಚ್ಚಲು ಮುಟ್ಟಿ ನೋಡಿ, ಹಲ್ಲು ಬಿಡಿಸಿ ನೋಡಿ, ಗೊರಸು ಎತ್ತಿ ನೋಡಿ ಆರಿಸಿದಳು. ಕೊನೆಗೆ ದೊಡ್ಡಿಯಲ್ಲಿ ಉಳಿದದ್ದು ಕೆಂಪಿ. ಒಂದು ಕೋಡು ಮುರಿದಿತ್ತು. ಬೇಲಿ ಹಾರುತ್ತಿತ್ತು. ಕರೆದ ಹಾಲಿನ ಪಾತ್ರೆಯೊಳಗೆ ಕಾಲಿಡದೆ ಅದಕ್ಕೆ ಸಮಾಧಾನವಿರಲಿಲ್ಲ. "ತಗೋ, ರಾಣಿ ನಿನ್ನ ಪಾಲಿಗೇ ಬಂದ್ಲು" ಎಂದು ದೊಡ್ಡವಳು ನಕ್ಕಿದ್ದಳು. ಚಿಕ್ಕವಳೂ ನಕ್ಕು ಕೆಂಪಿಯ ಕೊರಳಿಗೆ ಹಗ್ಗ ಹಾಕಿದ್ದಳು.

ಅಂದು ನಕ್ಕ ನಗೆ ಈಗ ದೊಡ್ಡವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಆಡು ಕುರಿಗಳಿಗೆ ಬರುವ ಒಂದು ನಡುಕದ ರೋಗವಿದೆ. ಬಂದ ಪ್ರಾಣಿ ಗೋಡೆಗೆ ಮೈ ಉಜ್ಜುತ್ತ, ಸೊರಗುತ್ತ, ಕಾಲು ಸೋತು ಸಾಯುತ್ತದೆ, ಮದ್ದಿಲ್ಲ. ಪ್ರತಿ ಪ್ರಾಣಿಯ ಮೈಯಲ್ಲೂ ಇರುವ ಪ್ರಿಯಾನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು, ತನ್ನ ನೆರೆಯದನ್ನೂ ತಪ್ಪಾಗಿ ಮಡಚುತ್ತ ಹೋಗುವುದರಿಂದ ಅದು ಬರುತ್ತದೆಯಂತೆ. ಆ ರೋಗದ ಸುಳಿವು ಸುತ್ತಮುತ್ತ ಎಲ್ಲಾದರೂ ಇದೆಯೇ ಎಂದು ನೋಡಲು ಪಶು ಸಂಶೋಧನಾ ಕೇಂದ್ರದವರು ಮನೆಮನೆಯ ಆಡುಗಳ ರಕ್ತ ತೆಗೆದರು. ರೋಗ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಕೆಂಪಿಯಲ್ಲಿ, ಕೆಂಪಿಯ ಕೆಲವು ಮರಿಗಳಲ್ಲಿ ಆ ಪ್ರೋಟೀನೇ ಇರಲಿಲ್ಲ. ತಪ್ಪಾಗಿ ಮಡಚಿಕೊಳ್ಳಲು ವಸ್ತುವೇ ಇಲ್ಲದ ಮೇಲೆ ಆ ರೋಗ ಅವುಗಳ ಹತ್ತಿರ ಸುಳಿಯುವಂತಿಲ್ಲ.

ಅಲ್ಲಿಂದ ಶುರುವಾಯಿತು ವ್ಯಾನಿನ ಓಡಾಟ. ಚಿಕ್ಕವಳು ಆಡಿನ ಕುತ್ತಿಗೆಯ ನರ ಹಿಡಿದು ರಕ್ತ ತೆಗೆಯುವುದನ್ನು ಕಲಿತಳು, ಟ್ಯೂಬಿನ ಮೇಲೆ ಆಡಿನ ಕಿವಿಯೋಲೆಯ ನಂಬರು ಬರೆಯುವುದನ್ನು ಕಲಿತಳು, ಕೇಂದ್ರಕ್ಕೆ ಹೋಗಿ ಬಂದು ಅಲ್ಲಿ ತನಗೆ ಕುರ್ಚಿ ಕೊಟ್ಟು ಕೂರಿಸಿದ್ದನ್ನು ವರ್ಣಿಸಿದಳು, ಫೋಟೋದಲ್ಲಿ ನಿಂತಳು.

ಒಂದು ಮಧ್ಯಾಹ್ನ ಅತ್ತೆ ಬೆಂಚಿನ ಮೇಲಿಂದ ನೇರವಾಗಿ ಕೇಳಿಯೇಬಿಟ್ಟಳು. "ಅಲ್ಲ ಡಾಕ್ಟ್ರಮ್ಮ, ಆ ರೋಗ ಇವಕ್ಕೆ ಬರಲ್ಲ ಅಂತ ಆಯ್ತಲ್ಲ. ಮತ್ತೆ ಇನ್ನೂ ಯಾಕೆ ರಕ್ತ ಹೀರ್ತಿದೀರಿ? ಸೊಳ್ಳೆಗಾದ್ರೂ ಒಂದು ಕಾಲ ಅಂತ ಇರುತ್ತೆ."

ಡಾಕ್ಟರಮ್ಮ ಪಕ್ಕದಲ್ಲೇ ಕೂತರು. "ಅಜ್ಜಿ, ಕೆಟ್ಟಾಗ ಅದು ಏನು ಮಾಡುತ್ತೆ ಅಂತ ಗೊತ್ತು. ಕೆಡದೆ ಇದ್ದಾಗ ಅದರ ಕೆಲಸ ಏನು ಅನ್ನೋದು ಸರಿಯಾಗಿ ಯಾರಿಗೂ ಗೊತ್ತಿಲ್ಲ. ನಮ್ಮದೊಂದು ಗುಮಾನಿ ಇದೆ. ನೋಡಿ, ಪ್ರತಿ ಪ್ರಾಣಿ ಮೈಯಲ್ಲೂ, ನಮ್ಮ ನಿಮ್ಮ ಮೈಯಲ್ಲೂ, ಹಳೇ ಕಾಲದ ವೈರಸ್‌ಗಳು ಸೇರಿಕೊಂಡಿವೆ. ಸೋಂಕಾಗಿ ಬಂದವು ವಾಪಸ್ ಹೋಗಲೇ ಇಲ್ಲ. ಜೀವದ ಬರಹದೊಳಗೆ ತಮ್ಮ ಬರಹಾನೂ ಸೇರಿಸಿಬಿಟ್ವು. ತಾಯಿಂದ ಮರಿಗೆ, ಆ ಮರಿಯಿಂದ ಅದರ ಮರಿಗೆ ಹಾಗೇ ಇಳಿದು ಬರ್ತಿವೆ. ಎಂಡೋಜೀನಸ್ ರೆಟ್ರೋವೈರಸ್ ಅಂತ ಹೆಸರು."

"ಹೆಸರೇ ಒಂದು ಕಾಯಿಲೆ ಇದ್ದ ಹಾಗಿದೆ."

"ಹೆಚ್ಚಿನವು ಮಲಗೇ ಇರ್ತವೆ. ಕೆಲವು ಉಪಕಾರಕ್ಕೂ ಬರ್ತವೆ. ಮರಿ ಗರ್ಭದಲ್ಲಿ ಕಚ್ಕೊಂಡು ನಿಲ್ಲೋಕೆ ಅಂಥ ಹಳೇ ವೈರಸ್ಸಿನ ತುಂಡೊಂದು ಬೇಕಾಗುತ್ತೆ. ಆದ್ರೆ ಒಮ್ಮೊಮ್ಮೆ ಎದ್ದು ಗುಸುಗುಸು ಶುರು ಮಾಡಿದ್ರೆ, ಮೈಯ ಕಾವಲು 'ಕಳ್ಳ, ಕಳ್ಳ' ಅಂತ ಕೂಗುತ್ತೆ. ಆ ಕೂಗು ಎಷ್ಟಿರಬೇಕು, ಯಾವಾಗ ನಿಲ್ಲಬೇಕು ಅನ್ನೋದರಲ್ಲಿ ಈ ಪ್ರೋಟೀನಿನ ಕೈ ಇರಬಹುದು. ಅದಿಲ್ಲದ ಆಡಿನ ಜೀವಕೋಶ ಸಣ್ಣ ಗುಸುಗುಸುಗೂ ಊರೆಲ್ಲ ಎಬ್ಬಿಸುತ್ತಾ ಅಂತ ನೋಡ್ತಿದೀವಿ. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು."

ಅತ್ತೆ ಬೆಂಚಿನ ಮೇಲೆ ಕಾಲು ಮಡಚಿ ಕೂತಳು. "ಅಂದ್ರೆ ಹೊರಗಿಂದ ಬಂದು, ಒಳಗೇ ಬೇರು ಬಿಟ್ಟು, ವಂಶ ಬೆಳೆಸಿ, ಕೊನೆಗೆ ಮನೆಯವರ ಕೈಲೇ ಕಳ್ಳ ಅನ್ನಿಸಿಕೊಳ್ಳೋದು. ಸೊಸೇರ ಸಮಾಚಾರ ಅಂದಿದ್ರೆ ಆಗಲೇ ಅರ್ಥ ಆಗ್ತಿತ್ತಲ್ಲ ತಾಯಿ."

ಚಿಕ್ಕವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡವಳು ತನ್ನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಗು ಗಂಟಲವರೆಗೆ ಬಂದದ್ದು ನಿಜ. ಅಲ್ಲಿಂದ ವಾಪಸು ಹೋಯಿತು.

ಸಂಜೆ ನಲ್ಲಿಯ ಹತ್ತಿರ ಚಿಕ್ಕವಳು ಹೇಳಿದಳು, "ಅಕ್ಕ, ಆ ಕೂಗಿಗೆ ಇಂಟರ್‌ಫೆರಾನ್ ಅಂತಾರಂತೆ. ಜೋರಿದ್ದಷ್ಟೂ ಪರೀಕ್ಷೆ ತಟ್ಟೇಲಿ ಹಳದಿ ಬಣ್ಣ ಗಟ್ಟಿಯಾಗಿ ಬರುತ್ತೆ. ಮೇಡಂ ತೋರಿಸಿದ್ರು."

"ನಂಗ್ಯಾಕೆ ಹೇಳ್ತೀಯ? ನನ್ನ ಆಡಿಗೆ ಹಾಲು ಬರುತ್ತೆ. ಬಣ್ಣ ಬೆಳ್ಳಗೇ ಇದೆ. ನಂಗಷ್ಟು ಸಾಕು."

ಚಿಕ್ಕವಳು ಅದಕ್ಕೂ ನಕ್ಕಳು. ಚುಚ್ಚಿದ್ದು ತಗುಲಲೇ ಇಲ್ಲ.

ಸಾಕು ಎಂದದ್ದು ಬಾಯಿಮಾತು. ಡಾಕ್ಟರಮ್ಮ ದೊಡ್ಡವಳ ಮಂದೆಯನ್ನೂ ಪರೀಕ್ಷಿಸಿದ್ದರು. ಆ ಪ್ರೋಟೀನಿನ ಬರಹ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿ ಬರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಪ್ರೋಟೀನು ಪೂರ್ತಿ ಇಲ್ಲ. ದೊಡ್ಡವಳ ಬಿಳಿಕಿವಿ ಎಂಬ ಆಡಿನಲ್ಲಿ ಒಂದು ಪ್ರತಿ ಕೆಟ್ಟಿತ್ತು, ಒಂದು ನೆಟ್ಟಗಿತ್ತು. ಅಂಥವನ್ನು ಡಾಕ್ಟರಮ್ಮ 'ಅರೆ' ಅನ್ನುತ್ತಿದ್ದರು. ಪ್ರೋಟೀನಿಲ್ಲದ ಹೋತದ ಜೊತೆ ಸೇರಿದರೆ ಬಿಳಿಕಿವಿಗೂ ಪ್ರೋಟೀನಿಲ್ಲದ ಮರಿ ಹುಟ್ಟುವ ಸಾಧ್ಯತೆ ಅರ್ಧಕ್ಕರ್ಧ. ಅಂಥ ಹೋತ ಇದ್ದದ್ದು ಚಿಕ್ಕವಳ ಹತ್ತಿರ.

"ನಿಮ್ಮ ತಮ್ಮನಿಗೆ ಹೇಳಿ, ಹೋತ ಬೇಕು ಅಂತ" ಎಂದಳು ದೊಡ್ಡವಳು, ಗಂಡನಿಗೆ.

"ನೀನೇ ನಲ್ಲಿ ಹತ್ರ ನಿಂತು ಕೂಗಿದ್ರೆ ಆಯ್ತಪ್ಪ."

"ನಾನು ಕೇಳಲ್ಲ."

ಕೇಳುವ ಪ್ರಮೇಯವೇ ಬರಲಿಲ್ಲ. ಗಂಡ ಹೇಳಿ ಬಂದ ಬೆನ್ನಿಗೇ ಚಿಕ್ಕವಳು ಹೋತವನ್ನು ಎಳೆದುಕೊಂಡು ತಾನೇ ಬಂದಳು. "ಭಾವ ಹೇಳಿದ್ರು. ಇಟ್ಕೊಳ್ಳಿ ಅಕ್ಕ, ಎಷ್ಟು ದಿನ ಬೇಕಾದ್ರೂ. ಗಬ್ಬುನಾತ ಹೊಡೀತಾನೆ, ಆದ್ರೆ ಮನುಷ್ಯ ಒಳ್ಳೆಯವನು."

ಕೊಡುವಾಗ ಅವಳ ಮುಖದಲ್ಲಿ ಒಂದಿಷ್ಟಾದರೂ ಬಿಗಿ ಇದ್ದಿದ್ದರೆ, ಒಂದು ಸಣ್ಣ ಲೆಕ್ಕಾಚಾರ ಕಂಡಿದ್ದರೆ, ದೊಡ್ಡವಳಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಏನೂ ಇರಲಿಲ್ಲ. ಅವಳು ಹಗ್ಗ ಕೈಗಿಟ್ಟು, ತಿರುಗಿ ನೋಡದೆ ತನ್ನ ಕೆಲಸಕ್ಕೆ ಹೋದಳು. ದೊಡ್ಡವಳು ಆ ಹೋತಕ್ಕೆ ನೀರಿಟ್ಟದ್ದು ಗಂಡ ನೆನಪು ಮಾಡಿದ ಮೇಲೆ.

ಚಳಿ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ, ಬಿಳಿಕಿವಿ ಮರಿ ಹಾಕಿತು. ಚಿಕ್ಕವಳು ಬಾಗಿಲ ಆಚೆಯಿಂದ "ನಾನು ಬರ್ಲಾ ಅಕ್ಕ?" ಎಂದು ಕೇಳಿದಳು. "ಬೇಡ, ಆಡು ಬೆದರುತ್ತೆ" ಎಂದು ದೊಡ್ಡವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಎರಡು ಹೆಣ್ಣು ಮರಿ. ಒಂದು ಕೆಂಪಿಯ ಹಾಗೆ ಕಂದು ಬಣ್ಣ, ಇನ್ನೊಂದಕ್ಕೆ ತಾಯಿಯ ಬಿಳಿ ಕಿವಿ. ಮೂಗು ಬಾಯಿ ಒರೆಸಿ, ಹುಲ್ಲಿನಿಂದ ಮೈ ಉಜ್ಜಿ, ಮೊಲೆಗೆ ಹಚ್ಚಿದಳು. ಮರಿ ಹಾಕಿದ ಮೇಲೆ ಬೀಳುವ ಮಾಸು ಬಿತ್ತು. ಸಾಮಾನ್ಯವಾಗಿ ಜೋಡಿ ಮರಿಗಳಿಗೆ ಒಂದೊಂದಕ್ಕೂ ಬೇರೆ ಮಾಸು ಬೀಳುತ್ತದೆ. ಇದು ಒಂದೇ ದೊಡ್ಡ ಮುದ್ದೆ. ಅದಕ್ಕೆ ಎರಡು ಹೊಕ್ಕುಳಬಳ್ಳಿ. ದೊಡ್ಡವಳು ಅದನ್ನು ಸಲಿಕೆಯಲ್ಲಿ ಎತ್ತಿ ಹಿತ್ತಲಲ್ಲಿ ಹೂತಳು. ಅವಳ ಮನಸ್ಸೆಲ್ಲ ಕಂದು ಮರಿಯ ಮೇಲೆ. ಆ ಬಣ್ಣ ಕಂಡೇ ಅವಳು ಗೆದ್ದೆ ಅಂದುಕೊಂಡಿದ್ದಳು.

ರಕ್ತ ಕೇಂದ್ರಕ್ಕೆ ಹೋಯಿತು. ಡಾಕ್ಟರಮ್ಮ ಫೋನು ಮಾಡಿ ಹೇಳಿದರು, "ಎರಡೂ ಅರೆ ಅಮ್ಮ. ಆದ್ರೂ ಬೇಜಾರಿಲ್ಲ. ಹೋಲಿಸಿ ನೋಡೋದಕ್ಕೆ ನಮಗೆ ಅರೆ ಮರಿಗಳೂ ಬೇಕು. ನಿಮ್ಮವನ್ನೇ ತಗೊಳ್ತೀವಿ."

ಹೋಲಿಸಿ ನೋಡುವುದಕ್ಕೆ. ದೊಡ್ಡವಳು ಮೇವಿನ ಕಂತೆಯ ಮೇಲೆ ಕೂತಳು. ಅತ್ತೆ ಈ ಮನೆಯಲ್ಲಿ ಇಷ್ಟು ವರ್ಷ ಮಾಡುತ್ತ ಬಂದದ್ದು ಅದನ್ನೇ ಅಲ್ಲವೆ. ಚಿಕ್ಕವಳ ಕೈಯಡುಗೆ ಹೇಗೆ, ಇವಳದು ಹೇಗೆ. ಅವಳ ಮಾತು ಹೇಗೆ, ಇವಳ ಮುಖ ಹೇಗೆ. ಈಗ ಆಡಿನ ಮರಿಗಳೂ ಆ ಸಾಲಿಗೆ ಸೇರಿದವು.

ಮರಿಗಳು ಸ್ವಲ್ಪ ಬಲಿತ ಮೇಲೆ ಚಿಕ್ಕವಳೇ ಬಂದು ಅವುಗಳ ರಕ್ತ ತೆಗೆದಳು, ತನ್ನ ಆಡುಗಳದನ್ನೂ ತೆಗೆದಳು, ಟ್ಯೂಬುಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಕಳಿಸಿದಳು.

ಅದಾದ ಮೇಲೆ ವ್ಯಾನು ಬಂದದ್ದು ಚಿಕ್ಕವಳು ಮೇವು ತರಲು ಹೋಗಿದ್ದ ಹೊತ್ತಿನಲ್ಲಿ. ಡಾಕ್ಟರಮ್ಮ ಬೂಟು ಹಾಕಿಕೊಳ್ಳಲಿಲ್ಲ. ನೇರ ಬಲಗಡೆಗೆ ಬಂದರು.

"ಅಮ್ಮ, ನಿಮ್ಮ ಹತ್ರ ಒಂದು ಮಾತು. ಪ್ರೋಟೀನ್ ಇಲ್ಲದ ಆಡುಗಳ ಜೀವಕೋಶದಲ್ಲಿ ಆ ಹಳೇ ವೈರಸ್ಸನ್ನ ಎಬ್ಬಿಸಿದಾಗ ಕೂಗು ಜೋರಾಗೇ ಬಂತು. ಅರೆ ಆಡುಗಳದು ಮೆತ್ತಗೆ ಬಂತು. ಆದ್ರೆ ನಿಮ್ಮ ಅವಳಿ ಮರಿಗಳದು ಮಾತ್ರ ಅದೂ ಅಲ್ಲ, ಇದೂ ಅಲ್ಲ. ಎರಡು ಥರದ ರಕ್ತ ಬೆರೆಸಿದ ಹಾಗಿದೆ." ಅವರು ದನಿ ತಗ್ಗಿಸಿದರು. "ಮರಿಗಳಿಂದ ರಕ್ತ ಕಮ್ಮಿ ಬರುತ್ತೆ. ಟ್ಯೂಬು ತುಂಬಲಿಲ್ಲ ಅಂತ ಒಳ್ಳೇ ಮನಸ್ಸಿಂದಲೇ ಬೇರೆ ಆಡಿನದನ್ನ ಸ್ವಲ್ಪ ಸೇರಿಸಿಬಿಡೋರು ಇರ್ತಾರೆ. ನಿಮ್ಮ ತಂಗಿ ಹಾಗೇನಾದ್ರೂ…"

ದೊಡ್ಡವಳು ಬಿಳಿಕಿವಿಯ ಹಗ್ಗ ಬಿಗಿಮಾಡಿದಳು.

"ಇನ್ನೊಂದು ಕಾರಣಾನೂ ಇರಬಹುದು. ಗರ್ಭದಲ್ಲಿ ಎರಡು ಮರಿಗಳ ಮಾಸು ಕೂಡಿಕೊಂಡಿದ್ರೆ ಒಂದರ ರಕ್ತ ಇನ್ನೊಂದಕ್ಕೆ ಹರಿದು, ಆಯುಷ್ಯ ಪೂರ್ತಿ ಬೆರಕೆ ರಕ್ತಾನೇ ಉಳಿಯುತ್ತೆ. ಹಸುಗಳಲ್ಲಿ ಮಾಮೂಲು, ಆಡಲ್ಲಿ ಅಪರೂಪ. ಮರಿ ಹಾಕುವಾಗ ನೀವೊಬ್ಬರೇ ಇದ್ರಂತೆ. ಮಾಸು ಒಂದು ಬಿತ್ತಾ, ಎರಡು ಬಿತ್ತಾ?"

ಹಿತ್ತಲಿನ ಮಣ್ಣು, ಸಲಿಕೆಯ ಭಾರ, ಎರಡು ಬಳ್ಳಿ, ಎಲ್ಲ ಅವಳ ಕಣ್ಣಿಗೆ ಕಟ್ಟಿತು.

"ಎರಡು" ಎಂದಳು.

"ಖಂಡಿತಾನಾ?"

"ನಾನೇ ಎತ್ತಿ ಹೂತಿದ್ದು. ಎರಡು."

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. "ಸರಿ. ಆ ಎರಡು ಮರೀನ ಲೆಕ್ಕದಿಂದ ಬಿಟ್ಟುಬಿಡೋಣ. ಇನ್ಮೇಲೆ ರಕ್ತ ತೆಗೆಯೋ ಕೆಲಸ ನಿಮ್ಮ ಕೊಟ್ಟಿಗೇಲಿ ಇಟ್ಕೊಳ್ಳೋಣ್ವಾ? ನೀವು ಕಲೀತೀರಾ?"

ಅವಳು ಕಲಿತಳು. ಬೇಗ ಕಲಿತಳು. ವ್ಯಾನು ಈಗ ಬಲಕ್ಕೆ ತಿರುಗುತ್ತಿತ್ತು. ಚಿಕ್ಕವಳ ಆಡುಗಳೇ ಸಾಲಾಗಿ ಅಂಗಳ ದಾಟಿ ಬರುತ್ತಿದ್ದವು. ಹಗ್ಗ ಹಿಡಿದು ಚಿಕ್ಕವಳು ಬಾಗಿಲಾಚೆ ನಿಲ್ಲುತ್ತಿದ್ದಳು. ಟ್ಯೂಬಿನ ವಿಷಯ ಡಾಕ್ಟರಮ್ಮ ಅವಳನ್ನೂ ಮೆಲ್ಲಗೆ ಕೇಳಿದ್ದರು. "ಇಲ್ಲ ಮೇಡಂ, ನಾನು ಸೇರಿಸಿಲ್ಲ" ಎಂದಿದ್ದಳು. ಅಷ್ಟೇ. ವಾದ ಮಾಡಲಿಲ್ಲ.

ಒಮ್ಮೆ ಡಾಕ್ಟರಮ್ಮ ದೊಡ್ಡವಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋದರು. ಉದ್ದನೆಯ ಓಣಿ, ಸ್ಪಿರಿಟ್ಟಿನ ವಾಸನೆ, ಎಲ್ಲಿ ಹೋದರೂ ಯಾವುದೋ ಪೆಟ್ಟಿಗೆ ಗುಂಯ್ ಅನ್ನುವ ಸದ್ದು. ಜೀವಕೋಶ ಬೆಳೆಸುವ ಪೆಟ್ಟಿಗೆಯ ಗಾಜಿನ ಬಾಗಿಲು ಬೆಚ್ಚಗಿತ್ತು, ಆಗತಾನೇ ಮರಿ ಎದ್ದು ಹೋದ ಹುಲ್ಲಿನಷ್ಟು. ಪ್ಲಾಸ್ಟಿಕ್ಕಿನ ತಟ್ಟೆಯೊಂದರಲ್ಲಿ ಸಾಲುಸಾಲು ಪುಟ್ಟ ಗುಣಿಗಳು; ಕೆಲವು ಗಟ್ಟಿ ಹಳದಿ, ಕೆಲವು ತೆಳು. ಅವಳಿಗೆ ಕೂರಲು ಕುರ್ಚಿ ಕೊಟ್ಟರು. ಚಿಕ್ಕವಳು ವರ್ಣಿಸಿದ್ದ ಕುರ್ಚಿ ಇದೇ ಇರಬೇಕು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

ತಟ್ಟೆ ತೊಳೆಯುತ್ತಿದ್ದ ನಡುವಯಸ್ಸಿನ ಟೆಕ್ನಿಷಿಯನ್ ತಿರುಗಿ ನೋಡಿದ. "ಆಡಿನ ಮನೆಯವರಾ? ಆ ನಗೋ ಅಮ್ಮ ಬರಲಿಲ್ವಾ ಇವತ್ತು?"

"ಇಲ್ಲ."

"ಛೆ. ಅವರು ಬಂದ್ರೆ ಇಲ್ಲಿ ಸ್ವಲ್ಪ ಗಾಳಿ ಆಡ್ತಿತ್ತು. ಕೇಳಿದೆ ಅಂತ ಹೇಳಿ."

ಅವಳು ಹೇಳಲಿಲ್ಲ. ವಾಪಸು ಬರುವಾಗ ವ್ಯಾನಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಕುರ್ಚಿ ಸಿಕ್ಕಿತ್ತು, ವ್ಯಾನು ಸಿಕ್ಕಿತ್ತು. ಕೆಂಡ ಮಾತ್ರ ಇದ್ದಲ್ಲೇ ಇತ್ತು. ಅಂಗಳಕ್ಕೆ ಬಂದಿಳಿದರೆ ಡಾಕ್ಟರಮ್ಮ ಅವಳಿಗೆ ಕೈಯೆತ್ತಿ, "ಒಂದು ನಿಮಿಷ, ನಿಮ್ಮ ತಂಗೀನ ಮಾತಾಡಿಸಿ ಬರ್ತೀನಿ, ಪಾಪ ಮಂಕಾಗಿದಾರೆ" ಎಂದು ಎಡಕ್ಕೆ ಹೋದರು. ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಕೆಲಸ ಕಳೆದುಕೊಂಡೂ ಅವಳೇ ಡಾಕ್ಟರಮ್ಮನನ್ನು ಹಿಡಿದಿಟ್ಟುಕೊಂಡಿದ್ದಳು. ದೊಡ್ಡವಳು ತೊಟ್ಟಿಯ ಅಂಚಿನಲ್ಲಿ ನಿಂತು ಆ ಬಾಗಿಲನ್ನೇ ನೋಡಿದಳು.

ಚಿಕ್ಕವಳು ನಿಜಕ್ಕೂ ಮಂಕಾಗಿದ್ದಳು. ಗೇಟು ಹಾಕಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಅಲುಗಿಸಿ ನೋಡುತ್ತಿದ್ದಳು. ಕರೆದ ಆಡನ್ನೇ ಮತ್ತೆ ಕರೆಯಲು ಕೂರುತ್ತಿದ್ದಳು. ಅತ್ತೆ ಕೂಡ ಅವಳನ್ನು ಗೇಲಿ ಮಾಡುವುದು ಬಿಟ್ಟಿದ್ದಳು.

ಒಂದು ಬೆಳಗ್ಗೆ ಅವಳು ಕೆಂಪಿಯ ಸಂತಾನವನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ದೊಡ್ಡವಳ ಬಾಗಿಲಿಗೆ ಬಂದಳು. ರಕ್ತ ತೆಗೆಯುವ ದಿನವಾಗಿರಲಿಲ್ಲ.

"ಅಕ್ಕ, ಇವನ್ನ ನೀವೇ ಇಟ್ಕೊಳ್ಳಿ."

"ಏನೇ ಇದು?"

"ನಿಜವಾಗ್ಲೂ ಹೇಳ್ತಿದೀನಿ. ಇಟ್ಕೊಂಡುಬಿಡಿ. ನಮ್ಮನೆಯವರನ್ನೂ ಕೇಳಿದೀನಿ, ಒಪ್ಪಿದಾರೆ." ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಟ್ಯೂಬಿಗೆ ನಾನು ಏನೂ ಸೇರಿಸಿಲ್ಲ ಅಂತ ಮೊದಲು ಗಟ್ಟಿಯಾಗೇ ಇದ್ದೆ. ಈಗ ಯೋಚನೆ ಮಾಡಿದಷ್ಟೂ ಸೇರಿಸಿದ್ನೇನೋ, ಮರೆತುಬಿಟ್ನೇನೋ ಅನ್ನಿಸ್ತಿದೆ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ. ಮೇಡಂ ಅವರ ಅಷ್ಟು ವರ್ಷದ ಕೆಲಸ ನನ್ನಿಂದ ಕೆಡೋದು ಬೇಡ. ನಿಮ್ಮ ಕೈ ಗಟ್ಟಿ ಅಕ್ಕ. ನಿಮ್ಮ ಹತ್ರ ಇದ್ರೆ ನಂಗೂ ನಿದ್ದೆ ಬರುತ್ತೆ."

ಹಗ್ಗದ ತುದಿಯನ್ನು ಅವಳು ಚಾಚಿ ಹಿಡಿದಿದ್ದಳು. ಕೈ ಚಾಚಿದರೆ ಎಲ್ಲವೂ ದೊಡ್ಡವಳದು. ಪ್ರೋಟೀನಿಲ್ಲದ ಆಡು, ಹೋತ, ವ್ಯಾನು, ಕುರ್ಚಿ. ಆದರೆ ಎಲ್ಲದರ ಜೊತೆಗೆ ಇನ್ನೊಂದೂ ಬರುತ್ತಿತ್ತು. ಯಾರು ಕೇಳಿದರೂ, 'ತಂಗಿ ಕೊಟ್ಟಿದ್ದು' ಎಂದೇ ಹೇಳಬೇಕು. ಡಾಕ್ಟರಮ್ಮ ಹಾಗನ್ನುತ್ತಾರೆ, 'ಎಂಥಾ ದೊಡ್ಡ ಮನಸ್ಸು' ಅನ್ನುತ್ತಾರೆ. ಆ ಟೆಕ್ನಿಷಿಯನ್ ಅನ್ನುತ್ತಾನೆ. ಅತ್ತೆ ಸಾಯುವವರೆಗೂ ಅನ್ನುತ್ತಾಳೆ. ಕಿತ್ತುಕೊಂಡಿದ್ದರೆ ಬೇರೆ. ಇವಳು ಕೊಡುತ್ತಿದ್ದಾಳೆ. ಕೊಟ್ಟು, ಮತ್ತೂ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಿದ್ದಾಳೆ, ತಾನು ನಿಂತದ್ದು ತನಗೇ ಗೊತ್ತಿಲ್ಲದೆ.

ದೊಡ್ಡವಳಿಗೆ ಅದು ಆಗಲಿಲ್ಲ.

"ಮಾಸು ಒಂದೇ ಬಿದ್ದಿತ್ತು" ಎಂದಳು.

ಚಿಕ್ಕವಳಿಗೆ ಅರ್ಥವಾಗಲಿಲ್ಲ. "ಏನು?"

"ಆ ಜೋಡಿ ಮರಿಗಳಿಗೆ. ಮೇಡಂ ಕೇಳಿದಾಗ ಎರಡು ಅಂದೆ. ಒಂದೇ ಇದ್ದಿದ್ದು, ಎರಡು ಬಳ್ಳಿ. ರಕ್ತ ಹೊಟ್ಟೇಲೇ ಬೆರೆತಿತ್ತು. ನಿನ್ನ ಕೈಗೆ ಏನೂ ಆಗಿಲ್ಲ. ಹಿಡ್ಕೊಂಡು ಹೋಗು ನಿನ್ನ ಆಡನ್ನ, ನಂಗೆ ಬೇಡ."

"ಗೊತ್ತಿದ್ದೂ ಅಂದ್ರಾ?"

"ಗೊತ್ತಿದ್ದೇ ಅಂದೆ."

"ಯಾಕಕ್ಕ?"

"ವ್ಯಾನು ನಿನ್ನ ಕಡೇಗೇ ತಿರುಗ್ತಿತ್ತು. ಅದಕ್ಕೆ."

'ಹೋಗ್ಲಿ ಬಿಡಿ ಅಕ್ಕ' ಎಂಬ ಮಾತು ಈಗ ಬರುತ್ತದೆ ಎಂದು ದೊಡ್ಡವಳು ಹಲ್ಲು ಕಚ್ಚಿ ಕಾದಳು. ಬರಲಿಲ್ಲ. ಚಿಕ್ಕವಳು ಹಗ್ಗವನ್ನು ನಿಧಾನವಾಗಿ ತನ್ನ ಕೈಗೆ ಸುತ್ತಿಕೊಂಡಳು.

"ನಂಗೆ ತಲೆ ಕೆಡ್ತಿದೆ ಅಂದ್ಕೊಂಡಿದ್ದೆ" ಎಂದಳು. "ನೀವು ಇಲ್ಲಿ ನಿಂತು ನೋಡ್ತಿದ್ರಿ."

ಆಡುಗಳನ್ನು ಎಳೆದುಕೊಂಡು ಅಂಗಳ ದಾಟಿದಳು. ಗೇಟು ಹಾಕಿದಳು. ತಿರುಗಿ ಬಂದು ಅಲುಗಿಸಿ ನೋಡಲಿಲ್ಲ.

ಬೆಂಚಿನ ಮೇಲಿಂದ ಅತ್ತೆ ಕೇಳಿದಳು, "ಕಕ್ಕಿದ್ಯಾ ದೊಡ್ಡೋಳೇ?"

"ಹೂಂ."

"ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದಕ್ಕೆ, ಅದು ಮರಿಯಾಗಿದ್ರೆ ಇಷ್ಟೊತ್ತಿಗೆ ಎದ್ದು ಹಾಯೋಕೆ ಕಲೀತಿತ್ತು."

ಡಾಕ್ಟರಮ್ಮನಿಗೂ ದೊಡ್ಡವಳೇ ಹೇಳಿದಳು, ವ್ಯಾನಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು. "ನಾನು ಅವರನ್ನ ಅನುಮಾನಿಸಿದೆನಲ್ಲ" ಎಂದಷ್ಟೇ ಅಂದು ಎಡಕ್ಕೆ ಹೋದರು. ಊರಿಗೆ ವಾಪಸು ಹೊರಡುವ ಮುನ್ನ ಎರಡೂ ಮರಿಗಳ ಕಿವಿಯಂಚಿನಿಂದ ಚಿವುಟಿದಷ್ಟು ಚರ್ಮ ಕತ್ತರಿಸಿಕೊಂಡರು. ರಕ್ತ ಬೆರೆತರೂ ಚರ್ಮ ಬೆರೆಯುವುದಿಲ್ಲ. ಮರಿ ನಿಜವಾಗಿ ಯಾವುದು ಎಂದು ಅದು ಹೇಳುತ್ತದೆ. ಆಮೇಲಿನ ದಿನಗಳಲ್ಲಿ ಓರಗಿತ್ತಿಯರ ನಡುವೆ ಮಾತಿರಲಿಲ್ಲ. ಒಬ್ಬಳು ನಲ್ಲಿಗೆ ಬಂದರೆ ಇನ್ನೊಬ್ಬಳು ಬಕೆಟ್ಟು ಹಿಡಿದು ಒಳಗೇ ನಿಲ್ಲುತ್ತಿದ್ದಳು.

ಮುಂದಿನ ಸಲ ವ್ಯಾನು ಅಂಗಳದ ನಡುವೆಯೇ ನಿಂತಿತು. ಡಾಕ್ಟರಮ್ಮ ಇಳಿದವರೇ ಇಬ್ಬರನ್ನೂ ಕರೆದರು.

"ಬಿಳಿ ಕಿವಿಯದು ಅರೆ. ಕಂದು ಮರೀಲಿ ಆ ಪ್ರೋಟೀನ್ ಇಲ್ಲವೇ ಇಲ್ಲ. ಅಕ್ಕನ ರಕ್ತ ತಂಗಿಗೂ, ತಂಗಿ ರಕ್ತ ಅಕ್ಕನಿಗೂ ಸೇರಿ ಎರಡರದೂ ಬೆರಕೆಯಾಗಿತ್ತು. ಅದಕ್ಕೇ ಮೊದಲ ಪರೀಕ್ಷೇಲಿ ಎರಡೂ ಅರೆ ಅಂತ ತೋರಿಸಿದ್ದು." ಅವರ ಮುಖ ಎಂದೂ ಇಲ್ಲದಷ್ಟು ಅರಳಿತ್ತು. "ಗೊತ್ತಾ, ಇಂಥದ್ದು ನಾವು ಬೇಕು ಅಂದ್ರೂ ಸಿಗಲ್ಲ. ಒಂದೇ ಮೈ, ಒಂದೇ ರಕ್ತ, ಅದರಲ್ಲಿ ಪ್ರೋಟೀನ್ ಇರೋ ಕೋಶಾನೂ ಇದೆ, ಇಲ್ಲದ್ದೂ ಇದೆ. ಬೇರೆ ಮಾಡಿ ನೋಡಿದ್ರೆ, ಜೋರಾಗಿ ಕೂಗೋದು ಆ ಕೋಶದ ಸ್ವಂತ ಗುಣಾನಾ, ಇಲ್ಲಾ ಸುತ್ತಲಿನ ಸಹವಾಸದಿಂದ ಬಂದಿದ್ದಾ ಅಂತ ಗೊತ್ತಾಗುತ್ತೆ. ಇನ್ನು ಎಲ್ಲದಕ್ಕಿಂತ ಹೆಚ್ಚು ಬೇಕಾಗಿರೋದು ಈ ಜೋಡೀನೇ."

ಎಲ್ಲರೂ ಬಲಗಡೆಯ ಕೊಟ್ಟಿಗೆಯ ಮುಂದೆ ನಿಂತಿದ್ದರು. ಕಂದು ಮರಿ ಡಾಕ್ಟರಮ್ಮನ ಕೋಟಿನ ಗುಂಡಿ ಚೀಪುತ್ತಿತ್ತು. ದೊಡ್ಡವಳಿಗೆ ಸಂತೋಷವಾಗಬೇಕಿತ್ತು. ಆಗುವುದರೊಳಗೆ ಪಕ್ಕದಿಂದ ದನಿಯೊಂದು ಬಂತು.

"ಹೋತ ನಮ್ದು ಮೇಡಂ" ಎಂದಳು ಚಿಕ್ಕವಳು. "ಅದನ್ನೂ ಬರ್ಕೊಳ್ಳಿ."

ಡಾಕ್ಟರಮ್ಮ "ಖಂಡಿತ, ಖಂಡಿತ" ಎಂದರು. ಆ ದನಿಯಲ್ಲಿದ್ದದ್ದು ಅವರಿಗೆ ಕೇಳಿಸಲಿಲ್ಲ. ದೊಡ್ಡವಳಿಗೆ ಕೇಳಿಸಿತು. ಮಾತಿನ ಆ ಬಿಗಿ, ಮರಿಯ ಮೇಲಿಂದ ಕೀಳಲಾಗದ ಆ ಕಣ್ಣು, ಅವಳಿಗೆ ತನ್ನ ಮನೆಯ ಅಡುಗೆಯ ವಾಸನೆಯಷ್ಟೇ ಪರಿಚಿತ. ಇದನ್ನು ಒಂದು ದಿನವಾದರೂ ಇವಳ ಮುಖದಲ್ಲಿ ನೋಡಬೇಕೆಂದು ಅವಳು ಎಷ್ಟು ಹಂಬಲಿಸಿದ್ದಳೋ. ನೋಡಿದಾಗ, ಒಲೆಯ ಹತ್ತಿರ ಬಂದ ಮಗುವನ್ನು ಕಂಡಂತೆ ಎದೆ ಝಲ್ಲೆಂದಿತು.

ವ್ಯಾನು ಹೋಯಿತು. ಚಿಕ್ಕವಳು ಹೋಗಲಿಲ್ಲ. ಕೊಟ್ಟಿಗೆಯ ಅಡ್ಡಪಟ್ಟಿಯ ಮೇಲೆ ಕೈಯಿಟ್ಟು ನಿಂತೇ ಇದ್ದಳು.

'ತಗೋ, ಕಂದು ಮರಿ ನಿಂದೇ' ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಹಾಗೆ ಕೊಟ್ಟುಬಿಡುವ ಮಾತು ಬಿದ್ದ ಜಾಗ ಹೇಗೆ ಉರಿಯುತ್ತದೆ ಎಂದು ದೊಡ್ಡವಳಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಅವಳು ಸೊಂಟಕ್ಕೆ ಕೈಯಿಟ್ಟಳು.

"ಹೋತ ನಿಮ್ದಂತೆ. ಐದು ತಿಂಗಳು ಹೊತ್ತಿದ್ದು ನಿಮ್ಮ ಹೋತಾನೋ?"

ಚಿಕ್ಕವಳು ತಿರುಗಿದಳು. "ಹೋತ ಇಲ್ದೆ ನಿಮ್ಮ ಬಿಳಿಕಿವಿ ಏನು ಗಾಳಿ ಕುಡಿದು ಬಸುರಾಯ್ತಾ?"

"ಇಲ್ಲಿ ಇದ್ದಷ್ಟು ದಿನ ನನ್ನ ಮೇವೆಲ್ಲ ನುಂಗಿ ಹೋದ. ನೀರಿಗೆ ಮೂತಿ ಇಟ್ರೆ ತೊಟ್ಟೀನೇ ನಾರೋದು."

"ನೀರು ಕೊಡೋದಕ್ಕೆ ಭಾವ ಹೇಳ್ಬೇಕಾಯ್ತು ಅಂತ ನಂಗೂ ಗೊತ್ತು. ಬಡಕಲಾಗಿ ವಾಪಸ್ ಬಂದ ನನ್ನ ಹೋತ."

"ಯಾರೇ ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು? ಪಕ್ಕೆಲುಬು ಎಣಿಸೋ ಹಾಗಿತ್ತು. ನಾನೇನು ಕುರುಡೀನಾ, ಕಿವುಡೀನಾ? ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ ಅಷ್ಟೆ."

ಅತ್ತೆ ಬೆಂಚನ್ನು ಸ್ವಲ್ಪ ಇತ್ತ ತಿರುಗಿಸಿಕೊಂಡಳು. ದೊಡ್ಡವಳು ಅಡ್ಡಪಟ್ಟಿಗೆ ಈಚೆಯಿಂದ ಒರಗಿ ನಿಂತು, "ಮುಚ್ಕೊಂಡಿದ್ದು ಸಾಕು, ಇನ್ನೇನಿದೆ ಹೇಳು" ಎಂದಳು.

"ಇದೆ" ಎಂದಳು ಚಿಕ್ಕವಳು. "ತುಂಬ ಇದೆ."